275 ಗಂಟೆ ಕೆಲಸ, 108 ಗಂಟೆ ಸಮಯ

2025ರ ಡಿಸೆಂಬರ್ 10ರ ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಈ ಸಾಲಿನ ಕೊನೆಯ ಆಡಿಟ್ ಕೇಸಿನ ರಿಟರ್ನ್ ಸಲ್ಲಿಕೆಯಾಯಿತು. ಸ್ವೀಕೃತಿ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದೆ. ಜೂನ್‌ನಿಂದ ಹೊತ್ತುಕೊಂಡು ಬಂದಿದ್ದು ಅಲ್ಲಿಗೆ ಇಳಿಯಿತು. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ನನ್ನ ಹಾಗೆ ಒಬ್ಬರೇ ಆಫೀಸು ನಡೆಸುವವರು, ಕೇಳಿದವರಿಗೆಲ್ಲ ‘ಆಗಲಿ, ಕೊಟ್ಟು ಹೋಗಿ’ ಅಂದುಬಿಡುವವರು ಬಹಳ ಮಂದಿ ಇದ್ದೀರಿ. ನಾನು ಪಟ್ಟಿದ್ದರಲ್ಲಿ ಅರ್ಧವಾದರೂ ನಿಮಗೆ ತಪ್ಪಲಿ.

ತಿಪಟೂರಿನ ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಮಳಿಗೆಯ ಮಹಡಿ ಮೇಲೆ ನನ್ನ ಆಫೀಸು. ಹದಿನೇಳು ವರ್ಷದಿಂದ ತೆರಿಗೆ ಸಲಹೆಯ ಕೆಲಸ. ನಾನು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಅಲ್ಲ, ಆದರೂ ಊರಿನವರಿಗೆಲ್ಲ ‘ಆಡಿಟರ್ ಮೇಡಂ’. ಆಡಿಟ್ ಆಗಬೇಕಾದವರ ಲೆಕ್ಕಪತ್ರ ನಾನು ಸಿದ್ಧಮಾಡಿ ಕೊಡುತ್ತೇನೆ, ತುಮಕೂರಿನ ಸಿಎ ಒಬ್ಬರು ಆಡಿಟ್ ಮಾಡಿ ಸಹಿ ಹಾಕುತ್ತಾರೆ. ಮಿಕ್ಕ ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ, ನೋಟಿಸಿಗೆ ಉತ್ತರ ಎಲ್ಲ ನನ್ನ ಕೈಯಲ್ಲೇ. ಜೊತೆಗೆ ಸಂಜೆ ಹೊತ್ತು ಬಂದು ಬಿಲ್ ಎಂಟ್ರಿ ಮಾಡಿ ಹೋಗುವ ಕಾಲೇಜು ಹುಡುಗ ಒಬ್ಬ.

ಎಲ್ಲ ಶುರುವಾಗಿದ್ದು ಒಂದು ಒಳ್ಳೆಯ ಸುದ್ದಿಯಿಂದ. ಮೇ 27ರಂದು, ಆದಾಯ ತೆರಿಗೆ ರಿಟರ್ನಿಗೆ ಜುಲೈ 31ರ ಬದಲು ಸೆಪ್ಟೆಂಬರ್ 15 ಕೊನೆಯ ದಿನ ಅಂತ ಪ್ರಕಟಣೆ ಬಂತು. ಒಂದೂವರೆ ತಿಂಗಳು ಸಿಕ್ಕಿತಲ್ಲ ಅಂತ ನಾನು ಬಂದವರ ಫೈಲನ್ನೆಲ್ಲ ತೆಗೆದುಕೊಂಡೆ. ಹೋದ ವರ್ಷ 140 ಇದ್ದ ರಿಟರ್ನು ಈ ವರ್ಷ 212 ಆಯಿತು. ತಿಂಗಳ ಜಿಎಸ್‌ಟಿ 46, ಮೂರು ತಿಂಗಳಿಗೊಮ್ಮೆಯದು 23, ಆಡಿಟ್ 14. ಅದೇ ಜೂನ್‌ನಲ್ಲಿ ನಮ್ಮ ಬೀದಿಯ ಮಹಿಳಾ ಸಂಘದ ಖಜಾಂಚಿಯಾಗು ಅಂದರು, ಒಪ್ಪಿಕೊಂಡೆ. ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕ ಬರೆದುಕೊಡು ಅಂದರು, ಅದಕ್ಕೂ ಹೂಂ ಅಂದೆ. ನಾದಿನಿ ಮಗಳ ಮದುವೆಗೆ ಸೀರೆ ತರಲು ಬೆಂಗಳೂರಿಗೆ ಬರ್ತೀನಿ ಅಂತ ಮಾತು ಕೊಟ್ಟೆ. ಒಂದೊಂದೂ ಒಪ್ಪಿಕೊಳ್ಳುವಾಗ ಚಿಕ್ಕದಾಗೇ ಕಂಡಿತ್ತು. ಯಾವುದನ್ನೂ ಎಲ್ಲೂ ಬರೆದಿಟ್ಟಿರಲಿಲ್ಲ.

ನನಗೆ ಸಮಯ ಸಿಕ್ಕಿತು ಅಂದುಕೊಂಡೆನಲ್ಲ, ಕಕ್ಷಿದಾರರಿಗೂ ಅದೇ ಸಮಯ ಸಿಕ್ಕಿತ್ತು. ಸಂಬಳ, ಕಡಿತವಾದ ತೆರಿಗೆಯ ವಿವರ ಇರುವ ಫಾರ್ಮ್ 16 ಕೈಗೆ ಬಂದ ಸಂಬಳದಾರರೂ ‘ಸೆಪ್ಟೆಂಬರ್ ತನಕ ಇದೆಯಲ್ಲ ಮೇಡಂ’ ಅನ್ನತೊಡಗಿದರು. ಜುಲೈನಲ್ಲಿ ಮುಗಿಯಬೇಕಿದ್ದ ಕೆಲಸವೆಲ್ಲ ಸೆಪ್ಟೆಂಬರಿಗೆ ಜರುಗಿ, ಆಡಿಟ್ ಮೇಲೆ ಬಂದು ಕೂತಿತು. ಕೊನೆ ದಿನ ಮುಂದಕ್ಕೆ ಹೋದಾಗ ಹೊಸ ಫೈಲು ತೆಗೆದುಕೊಳ್ಳಬೇಡಿ. ಇರುವ ಫೈಲಿನವರಿಗೆ ಹಳೇ ತಾರೀಕನ್ನೇ ಹೇಳಿ. ಇದು ನನಗೆ ಬಹಳ ತಡವಾಗಿ ಹೊಳೆಯಿತು.

ಜುಲೈ ಎರಡನೇ ವಾರದಲ್ಲಿ ಯುಪಿಐ ನೋಟಿಸಿನ ಗಲಾಟೆ ಎದ್ದಿತು. ವರ್ಷಕ್ಕೆ 40 ಲಕ್ಷಕ್ಕಿಂತ ಹೆಚ್ಚು ದುಡ್ಡು ಯುಪಿಐನಲ್ಲಿ ಬಂದಿದೆ, ಜಿಎಸ್‌ಟಿ ನೋಂದಣಿ ಇಲ್ಲ ಅಂತ ಸಣ್ಣ ಅಂಗಡಿಯವರಿಗೆ ನೋಟಿಸು. ಬೇಕರಿ, ಕಾಂಡಿಮೆಂಟ್ಸು, ತರಕಾರಿ ಅಂಗಡಿ. ಅದೂ 2021-22ರಿಂದ ನಾಲ್ಕು ವರ್ಷದ್ದು. ನನ್ನ ಹತ್ತಿರ ನೋಟಿಸು ಹಿಡಿದು ಬಂದವರು ಆರು ಜನ ಮಾತ್ರ. ನೋಟಿಸು ಬರದೆಯೂ ಹೆದರಿ ಬಂದವರು ಅರವತ್ತಕ್ಕೂ ಮೇಲೆ. ಕ್ಯೂಆರ್ ಸ್ಟಿಕ್ಕರ್ ಕಿತ್ತು ಚೀಲದಲ್ಲಿ ಹಾಕಿಕೊಂಡೇ ಬಂದ ಒಬ್ಬ ಟೀ ಅಂಗಡಿಯವರು, ‘ಇದನ್ನ ಏನ್ ಮಾಡ್ಲಿ ಹೇಳಕ್ಕ’ ಅಂತ ಮೇಜಿನ ಮೇಲೆ ಇಟ್ಟರು. ಅವರ ಕೈ ನಡುಗುತ್ತಿತ್ತು. ಅಂಥವರನ್ನು ‘ಆಮೇಲೆ ಬನ್ನಿ’ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ, ಇವತ್ತೂ ಬರುವುದಿಲ್ಲ. ಹಾಲು, ತರಕಾರಿ, ಹಣ್ಣಿಗೆ ತೆರಿಗೆಯೇ ಇಲ್ಲ. ಮಗ ಹಾಕಿದ ದುಡ್ಡು, ಕೈಸಾಲ ವಾಪಸ್ ಬಂದಿದ್ದು ವ್ಯಾಪಾರವಲ್ಲ. ಅದನ್ನು ಬೇರೆ ಮಾಡಿ ತೋರಿಸಬೇಕು ಅಂತ ಒಬ್ಬೊಬ್ಬರಿಗೂ ಕೂರಿಸಿ ಹೇಳಿದೆ. ನಾಲ್ಕು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಡೈರಿಯ ಬಿಲ್ಲು, ಮಂಡಿಯ ಚೀಟಿ ಎಲ್ಲ ತರಿಸಿ ಆರು ಉತ್ತರ ಬರೆದೆ. ಜುಲೈ 25ಕ್ಕೆ ವ್ಯಾಪಾರಿಗಳು ಬಂದ್ ಕರೆದಿದ್ದರು. 23ರಂದು ಮುಖ್ಯಮಂತ್ರಿ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ಊರು ಸ್ವಲ್ಪ ತಣ್ಣಗಾಯಿತು. ಅಷ್ಟರಲ್ಲಿ ನನ್ನ ಜುಲೈ ಪೂರ್ತಿ ಹೋಗಿತ್ತು. ಆ ತಿಂಗಳಲ್ಲಿ ಸಲ್ಲಿಸಿದ ಆದಾಯ ತೆರಿಗೆ ರಿಟರ್ನು ಬರೀ ಹತ್ತೊಂಬತ್ತು.

ಆ ಜುಲೈ ಬಗ್ಗೆ ನನಗೆ ಬೇಸರವಿಲ್ಲ. ಆ ಹೊತ್ತಿಗೆ ಅದೇ ಮಾಡಬೇಕಾದ ಕೆಲಸ. ತಪ್ಪಿದ್ದು ಬೇರೆ ಕಡೆ. ಒಂದು ತಿಂಗಳು ಹೀಗೆ ಕೈಬಿಟ್ಟು ಹೋದ ಮೇಲೆ, ಉಳಿದದ್ದು ಉಳಿದ ದಿನಗಳಲ್ಲಿ ಹಿಡಿಸುತ್ತದೆಯೇ ಅಂತ ಆಗಸ್ಟ್ ಒಂದರಂದೇ ಕೂತು ಲೆಕ್ಕ ಹಾಕಬೇಕಿತ್ತು. ಮಂದಿಯ ಲೆಕ್ಕ ಬರೆದು ಬದುಕುವ ನಾನು ನನ್ನ ದಿನಗಳ ಲೆಕ್ಕ ಬರೆಯಲಿಲ್ಲ. ರಾತ್ರಿ ಸ್ವಲ್ಪ ಹೆಚ್ಚು ಕೂತರೆ ಆಗುತ್ತೆ ಅಂದುಕೊಂಡೆ.

ಆಗಸ್ಟಿನಲ್ಲಿ ಎಂಟಕ್ಕೆ ವರಮಹಾಲಕ್ಷ್ಮಿ, 26, 27ಕ್ಕೆ ಗೌರಿ ಗಣೇಶ. ನಡುವೆ ಮಾವನ ಕಣ್ಣಿನ ಪೊರೆ ಆಪರೇಷನ್. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಬೇಕು, ನಮ್ಮ ಮನೆಯವರು ಸರ್ಕಾರಿ ಶಾಲೆಯ ಮೇಷ್ಟ್ರು, ಹಗಲು ಇರುವುದಿಲ್ಲ. ಹನ್ನೊಂದಕ್ಕೂ ಮೂರಕ್ಕೂ ಆಫೀಸಿನಿಂದ ಮನೆಗೆ ಓಡುತ್ತಿದ್ದೆ. ಮಗಳು ಸೆಕೆಂಡ್ ಪಿಯುಸಿ. ಅವಳು ಕೆಮಿಸ್ಟ್ರಿ ಟೆಸ್ಟಿನ ಅಂಕ ತೋರಿಸಿದಾಗ ನಾನು ಫೋನ್ ಕಿವಿಗಿಟ್ಟುಕೊಂಡೇ ತಲೆ ಆಡಿಸಿದೆನಂತೆ. ಎಷ್ಟು ಅಂಕ ಅಂತ ಆಮೇಲೆ ಕೇಳಿದರೆ, ‘ಹೇಳಿದ್ನಲ್ಲಮ್ಮ’ ಅಂದಳು. ನನಗೆ ನೆನಪೇ ಇರಲಿಲ್ಲ.

ರಾತ್ರಿ ಊಟವಾದ ಮೇಲೆ ಕೂತರೆ ಒಂದೂವರೆ, ಎರಡು ಗಂಟೆ. ಆ ಹೊತ್ತಿನಲ್ಲಿ ಮಾಡಿದ ಕೆಲಸವನ್ನು ಬೆಳಗ್ಗೆ ನೋಡಿದರೆ ತಪ್ಪು ಕಾಣುತ್ತಿತ್ತು. ಒಬ್ಬರ ಬಡ್ಡಿ ಆದಾಯ ಇನ್ನೊಬ್ಬರ ರಿಟರ್ನಿಗೆ ಹೋಗಿರುವುದು, ಬ್ಯಾಂಕ್ ಖಾತೆಯ ಒಂದು ಅಂಕಿ ಬಿಟ್ಟುಹೋಗಿರುವುದು. ತಿದ್ದಲು ಮತ್ತೆ ಅರ್ಧ ಗಂಟೆ. ಹನ್ನೊಂದರ ಮೇಲೆ ಅಂಕಿ ಮುಟ್ಟಬಾರದು ಅನ್ನುವುದನ್ನು ನಾನು ಹೀಗೇ ಕಲಿತೆ. ಕೂರಲೇಬೇಕಾದರೆ ಫೈಲು ಜೋಡಿಸುವುದು, ಪ್ರಿಂಟ್ ತೆಗೆಯುವುದು ಇಂಥದ್ದು ಮಾಡಿ.

ಸೆಪ್ಟೆಂಬರ್ 12, ಶುಕ್ರವಾರ. ಆ ದಿನ ಫೋನಿನ ಕಾಲ್ ಪಟ್ಟಿ ಎಣಿಸಿದೆ. ತೊಂಬತ್ತನಾಲ್ಕು ಕರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಒಂದೇ ಪ್ರಶ್ನೆ: ‘ನಂದಾಯ್ತಾ ಮೇಡಂ?’ ಎರಡು ನಿಮಿಷದ ಮಾತು, ಮತ್ತೆ ಬಿಟ್ಟ ಕಡೆಯಿಂದ ಹಿಡಿಯಲು ಐದು ನಿಮಿಷ. ವಾಟ್ಸಾಪಿನಲ್ಲಿ ಬರುವ ಫೋಟೋ ಬೇರೆ. ಎಲ್‌ಐಸಿ ರಸೀದಿಯ ಅರ್ಧ, ಪಾಸ್‌ಬುಕ್ಕಿನ ಓರೆ ಪುಟ, ಹೆಸರಿಲ್ಲದ ನಂಬರಿನಿಂದ. ಯಾರದ್ದು ಅಂತ ಹುಡುಕುವುದೇ ಒಂದು ಕೆಲಸ. ಸಂಜೆ ಹೊತ್ತಿಗೆ ವೆಬ್‌ಸೈಟೂ ನಿಧಾನ. ಎಐಎಸ್, ಅಂದರೆ ಒಬ್ಬರ ವರ್ಷದ ಆದಾಯದ ಬಗ್ಗೆ ಇಲಾಖೆ ಕೊಡುವ ವಿವರಪಟ್ಟಿ, ಡೌನ್‌ಲೋಡ್ ಆಗದೆ ಸುತ್ತುತ್ತಿರುವ ಚಕ್ರ ನೋಡಿಕೊಂಡು ಕೂತಿರುತ್ತಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಕೂತರೆ ಅದೇ ಕೆಲಸ ಹತ್ತು ನಿಮಿಷದಲ್ಲಿ ಆಗುತ್ತಿತ್ತು. ಕೊನೆಯ ವಾರದಲ್ಲಿರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ: ಡೌನ್‌ಲೋಡ್ ಎಲ್ಲ ಮುಂಜಾನೆಗೆ, ಲೆಕ್ಕ ಹಾಕುವುದು ಹಗಲಿಗೆ.

15ರ ನಡುರಾತ್ರಿ ಹತ್ತಿರವಾದಾಗ ಇನ್ನೊಂದು ದಿನ ಕೊಟ್ಟರು. 16ರ ರಾತ್ರಿಗೆ 212ರಲ್ಲಿ 193 ಆಗಿತ್ತು. ಉಳಿದ ಹತ್ತೊಂಬತ್ತರಲ್ಲಿ ಹನ್ನೊಂದು ಜನ ಕಾಗದವನ್ನೇ ಕೊಟ್ಟಿರಲಿಲ್ಲ. ಎಂಟು ಜನ ಎಲ್ಲ ಕೊಟ್ಟಿದ್ದರು, ನನ್ನಿಂದ ಆಗಲಿಲ್ಲ. ಆ ಎಂಟು ಹೆಸರು ಇವತ್ತಿಗೂ ಬಾಯಿಪಾಠ. ಐದು ಲಕ್ಷದೊಳಗಿನ ಆದಾಯಕ್ಕೆ ತಡ ಶುಲ್ಕ 1,000, ಅದರ ಮೇಲಿದ್ದರೆ 5,000. ಐದು ಜನರದ್ದು ಸಾವಿರ, ಮೂವರದ್ದು ಐದು ಸಾವಿರ, ಒಟ್ಟು 20,000 ರೂಪಾಯಿ ನನ್ನ ಖಾತೆಯಿಂದ ಕಟ್ಟಿದೆ. ಒಬ್ಬ ನಿವೃತ್ತ ಮೇಷ್ಟ್ರು ಬೇಡವೇ ಬೇಡ ಅಂದರು. ಆದರೂ ಕಟ್ಟಿದೆ. ಕಾಗದ ಕೊಟ್ಟು ನಂಬಿ ಕೂತವರ ಮೇಲೆ ನನ್ನ ತಪ್ಪಿನ ದಂಡ ಬೀಳಬಾರದು.

17ರ ಬೆಳಗ್ಗೆ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದರು. ನಾನು ಆಫೀಸು ತೆರೆದ ಮೊದಲ ವರ್ಷದಿಂದ ನನ್ನ ಹತ್ತಿರವೇ ಇರುವ ಹಿರಿಯರು. ಅವರ ಆಗಸ್ಟ್ ತಿಂಗಳ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ವಿವರ, ಸೆಪ್ಟೆಂಬರ್ 11ಕ್ಕೆ ಹೋಗಬೇಕಿತ್ತು. ಬಿಲ್ಲೆಲ್ಲ ಅವರು ಐದನೇ ತಾರೀಕಿಗೇ ಕಳಿಸಿದ್ದರು. ಐಟಿ ರಿಟರ್ನಿನ ಭರಾಟೆಯಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು: ಮಾರಿದವರು 11ರೊಳಗೆ ಬಿಲ್ಲು ಏರಿಸಿದರೆ ಮಾತ್ರ, 14ಕ್ಕೆ ತಯಾರಾಗುವ ಕೊಂಡವರ 2ಬಿ ಪಟ್ಟಿಯಲ್ಲಿ ಅದು ಕಾಣುತ್ತದೆ. ಕಾಣದಿದ್ದರೆ ಕೊಂಡವರಿಗೆ ಆ ತಿಂಗಳು ತೆರಿಗೆಯ ಕ್ರೆಡಿಟ್ ಇಲ್ಲ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಇವರು ಒಂದು ಎಣ್ಣೆ ಮಿಲ್ಲಿಗೆ 28,40,000 ರೂಪಾಯಿಯ ಕೊಬ್ಬರಿ ಹಾಕಿದ್ದರು. ಶೇಕಡ 5ರ ಲೆಕ್ಕದಲ್ಲಿ ತೆರಿಗೆ 1,42,000. ಬಿಲ್ಲು ಕಾಣಲಿಲ್ಲವೆಂದು ಮಿಲ್ಲಿನವರು ಅಷ್ಟನ್ನೂ ತಡೆಹಿಡಿದಿದ್ದರು.

ಅವರು ಕೂಗಾಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ‘ರೈತ್ರಿಗೆ ದುಡ್ಡು ಕೊಡ್ಬೇಕಾಗೈತೆ ಕಣಮ್ಮ. ನೀನು ಮಾಡಿರ್ತೀಯ ಅಂತ ನಂಬ್ಕಂಡು ಅವ್ರಿಗೆ ತಾರೀಕು ಹೇಳ್ಬಿಟ್ಟಿದ್ದೆ’ ಅಂದರು. ನಾನು ನೀರು ಕೊಟ್ಟೆ. ಏನು ಹೇಳಬೇಕೋ ತಿಳಿಯಲಿಲ್ಲ. ಅವರ ಎದುರಿಗೇ ಬಿಲ್ಲು ಏರಿಸಿ ಸಲ್ಲಿಸಿದೆ, ನಲವತ್ತು ನಿಮಿಷ ಹಿಡಿಯಿತು. ಬರೀ ನಲವತ್ತು ನಿಮಿಷ! ಅದನ್ನು ಒಂಬತ್ತಕ್ಕೋ ಹತ್ತಕ್ಕೋ ಮಾಡಿದ್ದರೆ ಆ ಮನುಷ್ಯ ಯಾರ ಎದುರಿಗೂ ಮಾತು ತಪ್ಪಬೇಕಾಗಿರಲಿಲ್ಲ. ಮಿಲ್ಲಿನವರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ದುಡ್ಡು ಬಿಡುಗಡೆಯಾಗಿದ್ದು ಅಕ್ಟೋಬರ್ 14ರ ಪಟ್ಟಿ ಬಂದ ಮೇಲೆ.

ಅವರು ಹೋದ ಮೇಲೆ ಎದೆ ಡವಡವ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಸಂಜೆ ಡಾಕ್ಟರ ಹತ್ತಿರ ಹೋದೆ. ಬಿಪಿ 160/100. ನನಗೆ ನಲವತ್ತನಾಲ್ಕು ವರ್ಷ, ಹಿಂದೆ ಎಂದೂ ಬಿಪಿ ಇರಲಿಲ್ಲ. ‘ಎಷ್ಟು ಗಂಟೆ ನಿದ್ದೆ ಮಾಡ್ತೀರಿ?’ ಅಂದರು. ನಾಲ್ಕು ಅಂದೆ. ‘ಎಷ್ಟು ದಿನದಿಂದ?’ ಉತ್ತರ ಹೇಳಲು ಹೋಗಿ ಅಳು ಬಂತು. ಮಾತ್ರೆ ಬರೆದುಕೊಟ್ಟು, ಒಂದು ಭಾನುವಾರವಾದರೂ ಆಫೀಸಿಗೆ ಬೀಗ ಹಾಕಿ ಅಂದರು.

ಆ ಭಾನುವಾರ ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ. ಎಡೆ ಇಟ್ಟು, ಊಟ ಮುಗಿಸಿ, ಮಧ್ಯಾಹ್ನ ಒಂದು ಹಳೇ ರೂಲ್ಡ್ ಪುಸ್ತಕ ತೆಗೆದುಕೊಂಡು ಕೂತೆ. ತಲೆಯಲ್ಲಿರುವುದನ್ನೆಲ್ಲ ಬರೆದೆ. ಆಡಿಟ್ ಇನ್ನೂ ಹನ್ನೊಂದು ಬಾಕಿ. ಒಂದಕ್ಕೆ ಸರಾಸರಿ 25 ಗಂಟೆ. 275 ಗಂಟೆ. 30ಕ್ಕೆ ಕೊನೆ, ಅಂದರೆ ಒಂಬತ್ತು ದಿನ. ದಿನಕ್ಕೆ ಹನ್ನೆರಡು ಗಂಟೆ ಅಂದರೂ 108.

ಆ ಎರಡು ಅಂಕಿಯನ್ನು ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡಿದೆ. ಮೂರು ವಾರದಿಂದ ಹನ್ನೊಂದು ಜನಕ್ಕೂ ‘ಆಗುತ್ತೆ ಬಿಡಿ’ ಅಂತ ಹೇಳುತ್ತಿದ್ದೆ. ಆಗುವ ಹಾಗೇ ಇರಲಿಲ್ಲ. ನಾನು ಗೊತ್ತಿದ್ದು ಸುಳ್ಳು ಹೇಳಿರಲಿಲ್ಲ, ಆದರೆ ಹೇಳಿದ್ದು ಸುಳ್ಳೇ ಆಗಿತ್ತು.

ಆಮೇಲೆ ಪುಟಕ್ಕೆ ಮೂರು ಕಂಬ ಎಳೆದೆ. ಕಾಗದ ಪೂರ್ತಿ ಬಂದಿದೆ, ಕಾಗದ ಬರಬೇಕು, ಬೇರೆಯವರ ಸಹಿಗೆ ಕಾದಿದೆ. ಹನ್ನೊಂದು ಆಡಿಟ್ಟನ್ನು ಹಂಚಿದರೆ ಕಾಗದ ಪೂರ್ತಿ ಬಂದಿದ್ದು ನಾಲ್ಕೇ ನಾಲ್ಕು! ಮಿಕ್ಕವರದ್ದು ಒಬ್ಬರದ್ದು ಸ್ಟಾಕ್ ಪಟ್ಟಿ ಇಲ್ಲ, ಒಬ್ಬರದ್ದು ಸಾಲದ ಖಾತೆಯ ಸ್ಟೇಟ್‌ಮೆಂಟ್ ಇಲ್ಲ, ಇನ್ನೊಬ್ಬರದ್ದು ಖರೀದಿ ಬಿಲ್ಲು ಆರು ತಿಂಗಳದ್ದು ಮಾತ್ರ. ನಾನು ರಾತ್ರಿಯೆಲ್ಲ ಕೂತಿದ್ದು ಇಂಥ ಫೈಲುಗಳ ಮುಂದೆ. ತೆರೆಯುವುದು, ಇಲ್ಲದ್ದನ್ನು ನೋಡುವುದು, ಮುಚ್ಚುವುದು, ಇನ್ನೊಂದು ತೆರೆಯುವುದು. ಎಷ್ಟು ಕೂತರೂ ಮುಗಿಯದೇ ಇದ್ದಿದ್ದು ಇದಕ್ಕೇ.

ನಿಮ್ಮ ಕೆಲಸ ಬೇರೆಯದಿರಬಹುದು, ಟೈಲರಿಂಗ್ ಇರಬಹುದು, ಕಂಟ್ರಾಕ್ಟ್ ಇರಬಹುದು. ಕೈ ಮೀರಿದೆ ಅನ್ನಿಸಿದ ದಿನ ಈ ಮೂರು ಕಂಬ ಎಳೆದು ನೋಡಿ. ನನಗೆ ಅರ್ಧ ಭಾರ ಇಳಿದಿದ್ದು ಆ ಮಧ್ಯಾಹ್ನ, ಒಂದು ಫೈಲೂ ಮುಟ್ಟದೆ.

ಮಾರನೇ ದಿನ, ಸೆಪ್ಟೆಂಬರ್ 22. ನವರಾತ್ರಿ ಮೊದಲ ದಿನ. ಅಂದೇ ಜಿಎಸ್‌ಟಿಯ ಹೊಸ ದರ. ಶೇಕಡ 12 ಮತ್ತು 28 ಹೋಗಿ ಹೆಚ್ಚಿನದೆಲ್ಲ 5 ಮತ್ತು 18ಕ್ಕೆ ಬಂದಿತ್ತು. ಬಿಸ್ಕತ್ತು, ಸೋಪು, ತಲೆಗೆ ಹಾಕುವ ಎಣ್ಣೆ 18ರಿಂದ 5ಕ್ಕೆ, ಸಿಮೆಂಟ್ 28ರಿಂದ 18ಕ್ಕೆ, ನೋಟ್‌ಬುಕ್ಕಿಗೆ ತೆರಿಗೆಯೇ ಇಲ್ಲ. ಕಿರಾಣಿ ಅಂಗಡಿಯವರೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ದರ ಬದಲಿಸಿಕೊಡಿ ಅಂತ ಬೆಳಗ್ಗೆ ಏಳರಿಂದಲೇ ಫೋನು. ಅದೇ ದಿನ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಗಿ, ದಸರಾ ರಜೆಯಲ್ಲಿ ಮನೆಯಲ್ಲಿರುತ್ತಾರೆ ಅಂದುಕೊಂಡಿದ್ದ ನಮ್ಮ ಮನೆಯವರು ಮೊಬೈಲ್ ಹಿಡಿದು ಮನೆಮನೆ ತಿರುಗಲು ಹೊರಟರು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಅವರ ಸಮೀಕ್ಷೆ ಕೆಲಸ 18ರ ತನಕ ಹೋಯಿತು. ರಾತ್ರಿ ಇಬ್ಬರೂ ಎದುರುಬದುರು ಕೂತು ಅನ್ನ ಸಾರು ಉಣ್ಣುವಾಗ ಯಾರೂ ಮಾತಾಡುತ್ತಿರಲಿಲ್ಲ, ಅಷ್ಟು ದಣಿವು.

ಆ ಗದ್ದಲದ ನಡುವೆಯೇ ನಾಲ್ಕು ಆಡಿಟ್ ಫೈಲು ವಾಪಸ್ ಕೊಡುವುದು ಅಂತ ತೀರ್ಮಾನಿಸಿದೆ. ಒಂಬತ್ತು ದಿನ ಉಳಿದಿರುವಾಗ ಹೀಗೆ ಕೊಡುವುದು ಸರಿಯಲ್ಲ, ಗೊತ್ತು. ಆಗಸ್ಟಿನಲ್ಲೇ ಕೊಟ್ಟಿದ್ದರೆ ಯಾರಿಗೂ ಬೇಜಾರಿರುತ್ತಿರಲಿಲ್ಲ. ಅದಕ್ಕೇ ಕಕ್ಷಿದಾರರಿಗೆ ಹೇಳುವ ಮೊದಲು ಅರಸೀಕೆರೆಯ ಒಬ್ಬ ಗೆಳತಿಗೂ ತುಮಕೂರಿನ ಒಂದು ಆಫೀಸಿಗೂ ಫೋನ್ ಮಾಡಿ, ಎರಡೆರಡು ತೆಗೆದುಕೊಳ್ಳುತ್ತೀರಾ ಅಂತ ಕೇಳಿ, ಫೀಸನ್ನೂ ಮಾತಾಡಿಕೊಂಡೆ. ಆಮೇಲೆ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಕೂರಿಸಿ ಹೇಳಿದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ‘ನನ್ನಿಂದ 30ಕ್ಕೆ ಮುಗಿಯಲ್ಲ. ಇವರು ಮಾಡಿಕೊಡ್ತಾರೆ, ಮಾತಾಡಿದ್ದೀನಿ. ಇಲ್ಲಿ ತನಕ ಮಾಡಿದ್ದಕ್ಕೆ ದುಡ್ಡು ಬೇಡ.’ ಇಬ್ಬರು ಒಪ್ಪಿದರು. ಒಬ್ಬರು ಬಹಳ ಬೈದರು. ಇನ್ನೊಬ್ಬರು ಏನೂ ಹೇಳದೆ ಫೈಲು ಎತ್ತಿಕೊಂಡು ಮೆಟ್ಟಿಲು ಇಳಿದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

25ರಂದು, ರಾಜಸ್ಥಾನ ಮತ್ತು ಕರ್ನಾಟಕ ಹೈಕೋರ್ಟುಗಳ ಆದೇಶದ ಬೆನ್ನಿಗೇ, ಆಡಿಟ್ ವರದಿಗೆ ಅಕ್ಟೋಬರ್ 31ರ ತನಕ ಸಮಯ ಸಿಕ್ಕಿತು. ಆಮೇಲೆ ನವೆಂಬರ್ 10ಕ್ಕೆ, ರಿಟರ್ನಿಗೆ ಡಿಸೆಂಬರ್ 10ಕ್ಕೆ ಹೋಯಿತು. ವಾಪಸ್ ಕೊಟ್ಟ ನಾಲ್ಕನ್ನು ತಿರುಗಿ ತರಿಸಿಕೊಳ್ಳಲೇ ಅಂತ ಒಂದು ರಾತ್ರಿ ಯೋಚಿಸಿದೆ. ಮೇ 27ರಂದು ಮಾಡಿದ್ದನ್ನೇ ಮತ್ತೆ ಮಾಡಿದ ಹಾಗಾಗುತ್ತಿತ್ತು. ತರಿಸಲಿಲ್ಲ.

ಅಕ್ಟೋಬರಿನಲ್ಲಿ ತಿಂಗಳ ಜಿಎಸ್‌ಟಿಯ ಒಂಬತ್ತು ಜನರನ್ನು ಬೇರೆಯವರಿಗೆ ದಾಟಿಸಿದೆ. ಇಲ್ಲೊಂದು ಎಡರು ಎದುರಾಯಿತು, ನನ್ನ ವೃತ್ತಿಯವರು ಗಮನವಿಟ್ಟು ಓದಿ. ಒಂಬತ್ತರಲ್ಲಿ ಆರು ಜನರ ನೋಂದಣಿಯಲ್ಲಿ ಮೊಬೈಲ್ ನಂಬರೂ ಇಮೇಲೂ ನನ್ನದೇ ಇತ್ತು. 2017ರಲ್ಲಿ ನೋಂದಣಿ ಮಾಡಿಸುವಾಗ ‘ನಿಮ್ಮದೇ ಹಾಕ್ಬಿಡಿ ಮೇಡಂ’ ಅಂದಿದ್ದರು, ಹಾಕಿದ್ದೆ. ಫೈಲು ಕೊಟ್ಟರೂ ಓಟಿಪಿ ನನಗೇ ಬರುತ್ತದೆ. ಅಂದರೆ ಕೆಲಸ ಕೊಟ್ಟ ಹಾಗೇ ಆಗಲಿಲ್ಲ. ಒಬ್ಬೊಬ್ಬರ ವಿವರವನ್ನೂ ತಿದ್ದುಪಡಿ ಮಾಡಿ ಅವರ ನಂಬರು ಹಾಕಬೇಕು, ಹೊಸ ನಂಬರಿಗೂ ಇಮೇಲಿಗೂ ಓಟಿಪಿ ಬರಬೇಕು. ಇಬ್ಬರಿಗೆ ಇಮೇಲೇ ಇರಲಿಲ್ಲ. ಭತ್ತದ ವ್ಯಾಪಾರದ ಒಬ್ಬ ಹಿರಿಯರದ್ದು ಗುಂಡಿ ಒತ್ತುವ ಹಳೇ ಫೋನು, ಕನ್ನಡಕ ಮರೆತು ಬಂದಿದ್ದರು. ಓಟಿಪಿ ಓದುವಷ್ಟರಲ್ಲಿ ಸಮಯ ಮೀರಿಹೋಗುತ್ತಿತ್ತು. ಮೂರನೇ ಸಲಕ್ಕೆ ಫೋನನ್ನು ನನ್ನ ಕೈಗೆ ಕೊಟ್ಟು, ‘ನೀನೇ ನೋಡ್ಕ ತಾಯಿ’ ಅಂದರು. ಅದಾದ ಮೇಲೆ ಅವರ ಮೊಮ್ಮಗನನ್ನು ಕರೆಸಿ, ಅವನ ಎದುರಿಗೆ ಇಮೇಲ್ ಮಾಡಿ, ಪಾಸ್‌ವರ್ಡನ್ನು ಒಂದು ಕಾಗದದಲ್ಲಿ ಬರೆದು ಅವರ ಕೈಗೇ ಕೊಟ್ಟೆ. ಆರು ಜನರದ್ದು ಮುಗಿಯಲು ಹನ್ನೊಂದು ದಿನ ಹಿಡಿಯಿತು.

ದಾಟಿಸುವಾಗ ಏನೇನು ಕೊಡಬೇಕು ಅಂತ ಒಂದು ಹಾಳೆ ಮಾಡಿಕೊಂಡೆ. ಮೂರು ವರ್ಷದ ರಿಟರ್ನಿನ ಪ್ರತಿ, ಮುಚ್ಚುವ ದಿನದ ಕ್ಯಾಶ್ ಮತ್ತು ಕ್ರೆಡಿಟ್ ಲೆಡ್ಜರ್, ಬಾಕಿ ಇರುವ ನೋಟಿಸು, ಲಾಗಿನ್ ವಿವರ, ಅವರದ್ದೇ ಡಿಜಿಟಲ್ ಸಹಿಯ ಟೋಕನ್. ಎಲ್ಲ ತಲುಪಿದ್ದಕ್ಕೆ ತಾರೀಕು ಹಾಕಿ ಸಹಿ ತೆಗೆದುಕೊಂಡೆ. ಮಹಿಳಾ ಸಂಘದ ಕ್ಯಾಶ್ ಪುಸ್ತಕವನ್ನೂ ಹಾಗೇ, ಸಭೆಯಲ್ಲಿ ಓದಿ ಒಪ್ಪಿಸಿ ಸಹಿ ಹಾಕಿಸಿಕೊಂಡು ಕೊಟ್ಟೆ. ದೇವಸ್ಥಾನದ ಲೆಕ್ಕ ಮಾತ್ರ ಇಟ್ಟುಕೊಂಡಿದ್ದೇನೆ. ತಿಂಗಳಿಗೆ ಎರಡು ಗಂಟೆಯ ಕೆಲಸ, ಮನಸ್ಸಿಗೆ ಹಿತ.

ಆಫೀಸಿನಲ್ಲಿ ಮಾಡಿದ ಬದಲಾವಣೆಯಲ್ಲಿ ಹೆಚ್ಚು ನೆರವಾಗಿದ್ದು ಗೋಡೆಯ ಮೇಲಿನ ಬಿಳಿ ಬೋರ್ಡು. ಪ್ರತಿ ಫೈಲಿಗೆ ಒಂದು ನಂಬರು, ಹೆಸರಿಲ್ಲ. ಎದುರಿಗೆ ‘ಕಾಗದ ಬೇಕು’, ‘ಕೈಯಲ್ಲಿದೆ’, ‘ಮುಗಿದಿದೆ’. ಸಂಜೆ ಆರಕ್ಕೆ ಅದರ ಫೋಟೋ ಎಲ್ಲರಿಗೂ ಹೋಗುತ್ತದೆ. ‘ನಂದಾಯ್ತಾ’ ಕರೆ ಹತ್ತು ದಿನದಲ್ಲಿ ದಿನಕ್ಕೆ ಏಳೆಂಟಕ್ಕೆ ಇಳಿಯಿತು. ‘ಕಾಗದ ಬೇಕು’ ಅಂತ ತಮ್ಮ ನಂಬರಿನ ಮುಂದೆ ನೋಡಿದವರು ಕಾಗದವನ್ನೂ ಬೇಗ ತಂದುಕೊಡತೊಡಗಿದರು. ಕೆಲಸಕ್ಕೇ ಬೇರೆ ಫೋನ್ ನಂಬರು ಮಾಡಿಸಿದೆ. ಬೆಳಗ್ಗೆ ಹತ್ತರಿಂದ ಒಂದರ ತನಕ ಅದು ಸಹಾಯಕಿಯ ಕೈಯಲ್ಲಿ, ರಾತ್ರಿ ಎಂಟಕ್ಕೆ ಆಫ್.

ಸಹಾಯಕಿ ಅಂದೆನಲ್ಲ, ಬಿ.ಕಾಂ. ಮುಗಿಸಿದ ಹುಡುಗಿ, ಅಕ್ಟೋಬರ್ 6ಕ್ಕೆ ಸೇರಿದಳು. ತಿಂಗಳಿಗೆ 13,000. ಮೊದಲ ಮೂರು ವಾರ ಅವಳಿಂದ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಹೇಳಿಕೊಡಬೇಕು, ಮಾಡಿದ್ದನ್ನು ನೋಡಬೇಕು. ಬಿಡುವಿಲ್ಲದ ಹೊತ್ತಿನಲ್ಲಿ ಹೊಸಬರನ್ನು ಸೇರಿಸಿಕೊಂಡರೆ ಹೀಗೇ ಆಗುತ್ತದೆ, ಏಪ್ರಿಲ್‌ನಲ್ಲೇ ಸೇರಿಸಿಕೊಳ್ಳಿ. ಸೆಪ್ಟೆಂಬರ್ ತಿಂಗಳ 3ಬಿಗೆ, ಅಂದರೆ ಜಿಎಸ್‌ಟಿ ಕಟ್ಟುವ ತಿಂಗಳ ರಿಟರ್ನಿಗೆ, ದೀಪಾವಳಿಯ ಕಾರಣ 20ರ ಬದಲು 25ರ ತನಕ ಸಮಯ ಕೊಟ್ಟಿದ್ದರು. ಆದರೂ ಅವಳೂ ನಾನೂ ಸೇರಿ 18ಕ್ಕೇ ಎಲ್ಲ ಮುಗಿಸಿದೆವು. ಅಂದು ಕೊಬ್ಬರಿ ವ್ಯಾಪಾರಿಯ ಫೈಲನ್ನು ಎಲ್ಲಕ್ಕಿಂತ ಮೊದಲು ಮಾಡಿದೆ. ಅವರ ಜಿಎಸ್‌ಟಿಆರ್-1 ಈಗ ಪ್ರತಿ ತಿಂಗಳು 8ಕ್ಕೆ ಹೋಗುತ್ತದೆ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ನಾಲ್ಕು ಆಡಿಟ್, ಒಂಬತ್ತು ಜಿಎಸ್‌ಟಿ ಬಿಟ್ಟಿದ್ದರಿಂದ ವರ್ಷಕ್ಕೆ 1,44,000 ರೂಪಾಯಿ ಕಡಿಮೆ. ತಿಂಗಳ ಜಿಎಸ್‌ಟಿಯಲ್ಲಿ ಉಳಿದ 37 ಜನರಿಗೆ ತಿಂಗಳ ಫೀಸು 1,000ದಿಂದ 1,300 ಮಾಡಿದೆ. ಕೇಳುವ ಮೊದಲು ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂವರು ಬಿಟ್ಟು ಹೋದರು, 34 ಜನ ಒಪ್ಪಿದರು. ಅಂದರೆ ತಿಂಗಳಿಗೆ 10,200 ಬಂತು, 3,000 ಹೋಯಿತು, ಉಳಿದಿದ್ದು 7,200. ಸಹಾಯಕಿಯ ಸಂಬಳದ ಅರ್ಧಕ್ಕೆ ಸ್ವಲ್ಪ ಮೇಲೆ. ಈ ವರ್ಷ ನನ್ನ ಸಂಪಾದನೆ ಹೋದ ವರ್ಷಕ್ಕಿಂತ ಕಡಿಮೆಯೇ. ಮನೆಯವರ ಸಂಬಳ ಇರುವುದರಿಂದ ತಡೆದುಕೊಳ್ಳಬಹುದು. ಒಬ್ಬರ ದುಡಿಮೆಯಲ್ಲೇ ಸಂಸಾರ ನಡೆಸುವವರಿಗೆ ಇದು ಇಷ್ಟು ಸುಲಭವಲ್ಲ. ಅಂಥವರು ಮೊದಲು ಫೀಸು ಏರಿಸಿ, ಯಾರು ಉಳಿಯುತ್ತಾರೆ ನೋಡಿ, ಆಮೇಲೆ ಫೈಲು ಬಿಡುವುದು ಒಳ್ಳೆಯದು.

ಏಳು ಆಡಿಟ್ ನವೆಂಬರ್ 8ಕ್ಕೆ ಮುಗಿಯಿತು. ಎರಡು ದಿನ ಕೈಯಲ್ಲಿರುವಂತೆ ಮುಗಿಸಿದ್ದು ಹದಿನೇಳು ವರ್ಷದಲ್ಲಿ ಇದೇ ಮೊದಲು. ತುಮಕೂರಿಗೆ ಫೈಲು ಕೊಟ್ಟು ರೈಲಿನಲ್ಲಿ ವಾಪಸ್ ಬರುವಾಗ ಕಿಟಕಿ ಪಕ್ಕ ಕೂತು ತಿಪಟೂರಿನ ತನಕ ನಿದ್ದೆ ಮಾಡಿದೆ. ಬಿಪಿ ಹೋದ ವಾರ 134/86. ಮಾತ್ರೆ ಇನ್ನೂ ಇದೆ.

ಡಿಸೆಂಬರ್ 31ಕ್ಕೆ ಜಿಎಸ್‌ಟಿಯ ವಾರ್ಷಿಕ ರಿಟರ್ನು, ಎರಡು ಕೋಟಿ ಮೇಲೆ ವಹಿವಾಟು ಇರುವವರದ್ದು. ನನ್ನ ಹತ್ತಿರ ಒಂಬತ್ತು ಇವೆ. ಏಳಕ್ಕೆ ಕಾಗದ ಬಂದಿದೆ, ಬೋರ್ಡಿನ ಮೇಲೆ ‘ಕೈಯಲ್ಲಿದೆ’ ಅಂತ ಬರೆದಾಗಿದೆ. ಉಳಿದ ಇಬ್ಬರಿಗೆ 20ರೊಳಗೆ ತರದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಅಂತ ಹೇಳಿದ್ದೇನೆ, ಯಾರ ಹತ್ತಿರ ಹೋಗಬಹುದು ಅನ್ನುವುದನ್ನೂ ಹೇಳಿದ್ದೇನೆ. ನಿನ್ನೆ ಸಂಜೆ ಹೊಸಬರೊಬ್ಬರು ಚೀಲದ ತುಂಬ ಬಿಲ್ಲು ತಂದಿದ್ದರು, ಎರಡು ವರ್ಷದ್ದು. ಟೀ ತರಿಸಿ ಕೊಟ್ಟೆ. ರೂಲ್ಡ್ ಪುಸ್ತಕ ತೆಗೆದು ಅವರ ಎದುರಿಗೇ ಈ ತಿಂಗಳ ಪುಟ ನೋಡಿದೆ, ಜಾಗ ಇರಲಿಲ್ಲ. ಹಾಗೇ ಹೇಳಿದೆ. ಅರಸೀಕೆರೆಯ ಗೆಳತಿಯ ನಂಬರು ಬರೆದುಕೊಟ್ಟೆ. ಅವರು ಚೀಲ ಎತ್ತಿಕೊಂಡು, ‘ಹಂಗಾರೆ ನಾಳೆನೇ ಅಲ್ಲಿಗೆ ಹೋಯ್ತೀನಿ ಬಿಡಕ್ಕ’ ಅಂತ ಹೊರಟರು. ಗಡಿಯಾರದಲ್ಲಿ ಏಳೂಕಾಲು. ಮಗಳಿಗೆ ಎಂಟಕ್ಕೆ ಟ್ಯೂಷನ್ ಬಿಡುತ್ತದೆ, ಕರೆದುಕೊಂಡು ಬರಲು ನಾನೇ ಹೋದೆ.